ಎಂಟು ರೂಮಿನ ಲೆಕ್ಕ

ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಶನ್ನಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಲಾಡ್ಜು ಇದೆ. ಕೆಳಗೆ ಸಸ್ಯಾಹಾರಿ ಹೋಟೆಲು, ಮೇಲಿನ ಮೂರು ಮಾಳಿಗೆಗಳಲ್ಲಿ 24 ರೂಮು. ಅಪ್ಪ ಇದನ್ನು ಕಟ್ಟಿಸಿದಾಗ ಕಾಸರಗೋಡು ಕಣ್ಣೂರು ಜಿಲ್ಲೆಯ ತುದಿಯ ತಾಲೂಕು. 1984ರ ಮೇ ತಿಂಗಳಲ್ಲಿ ಅದೇ ಒಂದು ಜಿಲ್ಲೆಯಾಯಿತು, ವಿದ್ಯಾನಗರದಲ್ಲಿ ಕಲೆಕ್ಟರರ ಕಚೇರಿ ಬಂತು. ಕಚೇರಿಯ ಬೆನ್ನಿಗೆ ತಪಾಸಣೆಗೆ ಬರುವ ಅಧಿಕಾರಿಗಳು, ಟೆಂಡರು ಹಿಡಿಯುವ ಕಂಟ್ರಾಕ್ಟುದಾರರು, ಔಷಧ ಕಂಪನಿಯ ರೆಪ್‌ಗಳು, ಬ್ಯಾಂಕಿನ ಆಡಿಟರುಗಳು ಬರತೊಡಗಿದರು. ರಂಜಾನಿಗೆ, ಓಣಂಗೆ ಮೊದಲು ಮುಂಬೈ, ಸೂರತ್ತಿನ ಬಟ್ಟೆ ಏಜೆಂಟರು ಸ್ಯಾಂಪಲ್ ಪೆಟ್ಟಿಗೆ ಹೊತ್ತು ಬರುತ್ತಿದ್ದರು. ಕೂಡ್ಲಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ ಬಂದ ವಿಜ್ಞಾನಿಗಳು ಅಲ್ಲಿನ ಅತಿಥಿಗೃಹ ತುಂಬಿದ ದಿನ ನಮ್ಮಲ್ಲಿಗೆ ಬರುತ್ತಿದ್ದರು. ಅವರ ಪೆಟ್ಟಿಗೆಗಳ ಮೇಲಿನ ಊರಿನ ಹೆಸರುಗಳನ್ನು ಓದಿಯೇ ನಾನೂ ತಮ್ಮನೂ ಭಾರತದ ಭೂಪಟ ಕಲಿತದ್ದು.

2018ರ ಮಳೆಗಾಲ ಮುಗಿಯುತ್ತಿದ್ದಾಗ ತಮ್ಮ ಒಂದು ದಪ್ಪ ಫೈಲು ಹಿಡಿದುಕೊಂಡು ಮಂಗಳೂರಿನ ನನ್ನ ಮನೆಗೆ ಬಂದ. ಲಾಡ್ಜು ಆಗಲೇ ಅವನ ಕೈಗೆ ಬಂದಿತ್ತು. ನಾನು ಬ್ಯಾಂಕಿನಿಂದ ನಿವೃತ್ತಳಾಗಿದ್ದೆ. ಕೊನೆಯ ವರ್ಷಗಳಲ್ಲಿ ನನ್ನ ಕೆಲಸವೇ ಇಂಥ ಫೈಲುಗಳನ್ನು ಓದಿ, ಸಾಲ ಕೊಡಬಹುದೋ ಬಾರದೋ ಎಂದು ಬರೆಯುವುದಾಗಿತ್ತು.

"ಅಕ್ಕಾ, ನೀನೊಮ್ಮೆ ನೋಡು. ನೀನು ಆಗ್ಬಹುದು ಅಂದ್ರೆ ಅಪ್ಪ ಬೇಡ ಹೇಳುದಿಲ್ಲ," ಅಂದ.

ಫೈಲಿನಲ್ಲಿ ಒಳಾಂಗಣ ವಿನ್ಯಾಸಗಾರರು ಕೊಟ್ಟ ಬಣ್ಣದ ಚಿತ್ರಗಳಿದ್ದವು. 24 ರೂಮುಗಳನ್ನೂ ಒಡೆದು ಹೊಸತು ಮಾಡುವುದು, ಎಲ್ಲಕ್ಕೂ ಎಸಿ, ಗಾಜಿನ ಬಾಗಿಲಿನ ಬಚ್ಚಲು, ಗೋಡೆಗೆ ದೊಡ್ಡ ಟಿವಿ, ಕೆಳಗೆ ಹೊಸ ಲಾಬಿ. ರೂಮಿಗೆ ಮೂರೂಕಾಲು ಲಕ್ಷದಂತೆ 78 ಲಕ್ಷ, ಲಾಬಿಗೆ 12 ಲಕ್ಷ, ಒಟ್ಟು 90. ಅದರಲ್ಲಿ 65 ಲಕ್ಷ ಬ್ಯಾಂಕ್ ಸಾಲ. ಕೆಲಸದ ಮೇಲೆ ಬರುವ ಕಂಪನಿಯವರಿಗೆಂದೇ ರೂಮು ಮಾಡಿದರೆ 800 ರೂಪಾಯಿಯ ಬಾಡಿಗೆ 1,800 ಆಗುತ್ತದೆ, ನೂರರಲ್ಲಿ 50 ತುಂಬುತ್ತಿದ್ದದ್ದು 70 ತುಂಬುತ್ತದೆ ಎಂದು ಬರೆದಿದ್ದರು. ಈಗ ವರ್ಷಕ್ಕೆ ಬರುವ 35 ಲಕ್ಷ ಒಂದು ಕೋಟಿ ಹತ್ತು ಲಕ್ಷಕ್ಕೆ ಏರುತ್ತದೆ. ಹಾಕಿದ ಹಣ ಎರಡು ವರ್ಷದೊಳಗೆ ಮರಳುತ್ತದೆ.

ಗುಣಾಕಾರದಲ್ಲಿ ಒಂದು ರೂಪಾಯಿಯ ತಪ್ಪೂ ಇರಲಿಲ್ಲ. ನನಗೆ ಅನುಮಾನ ಹುಟ್ಟಿದ್ದು ಗುಣಿಸಿದ ಎರಡು ಸಂಖ್ಯೆಗಳ ಮೇಲೆ: 365 ಮತ್ತು 70. ಕೆಲಸಕ್ಕೆಂದು ಊರೂರು ತಿರುಗುವವನು ವರ್ಷದ 365 ರಾತ್ರಿಯೂ ಕಾಸರಗೋಡಿನಲ್ಲಿ ಯಾಕೆ ಮಲಗುತ್ತಾನೆ? ಫೈಲಿನಲ್ಲಿ ರೂಮಿನ ಬಗ್ಗೆ 40 ಪುಟ ಇತ್ತು. ರೂಮಿನಲ್ಲಿ ಮಲಗುವವನ ಬಗ್ಗೆ ಒಂದು ಪುಟವೂ ಇರಲಿಲ್ಲ.

ಲಾಡ್ಜು ನಡೆಸುವವರ ಹತ್ತಿರ ಆ ಪುಟ ಇದ್ದೇ ಇರುತ್ತದೆ. ಪೊಲೀಸರು ಬಂದರೆ ತೋರಿಸಬೇಕೆಂದು ಬರೆದಿಡುವ ರಿಜಿಸ್ಟರು ಅದು. ಎಲ್ಲಿಂದ ಬಂದರು, ಎಲ್ಲಿಗೆ ಹೋಗುತ್ತಾರೆ, ಏನು ಕೆಲಸ, ಯಾವಾಗ ಬಂದು ಯಾವಾಗ ಬಿಟ್ಟರು, ಎಲ್ಲ ಅದರಲ್ಲಿದೆ. ಅದನ್ನು ವ್ಯಾಪಾರದ ಪುಸ್ತಕವೆಂದು ಯಾರೂ ಓದುವುದಿಲ್ಲ. ನಾನು ಕಾಸರಗೋಡಿಗೆ ಹೋಗಿ, ಹಿಂದಿನ ಎರಡು ವರ್ಷಗಳ ರಿಜಿಸ್ಟರುಗಳನ್ನು ಮೇಜಿನ ಮೇಲೆ ಹರಡಿ, ಕಂಪನಿ ಅಥವಾ ಸರಕಾರದ ಕೆಲಸಕ್ಕೆ ಬಂದವರಿಗೆ ಕೆಂಪು, ಉಳಿದವರಿಗೆ ನೀಲಿ ಪೆನ್ಸಿಲಿನ ಗುರುತು ಹಾಕುತ್ತಾ ಕೂತೆ.

ಕೆಂಪು ಗುರುತುಗಳು ಸೋಮವಾರದಿಂದ ಗುರುವಾರದವರೆಗೆ ಒತ್ತಾಗಿ ಬಂದು ಶುಕ್ರವಾರ ಮಾಯವಾಗುತ್ತಿದ್ದವು. ಶನಿವಾರ, ಭಾನುವಾರ ಪುಟ ಪೂರ್ತಿ ನೀಲಿ. ಓಣಂ, ರಂಜಾನು, ವಿಷುವಿನ ವಾರಗಳಲ್ಲಿ ಕೆಂಪೇ ಇಲ್ಲ. ಹರತಾಳದ ಸುದ್ದಿ ಬಂದರೆ ಹಿಂದಿನ ದಿನವೇ ಜಾಗ ಖಾಲಿ. ಆ ಕಾಲದಲ್ಲಿ ಹರತಾಳ ಸಂಜೆ ಘೋಷಿಸಿ ಬೆಳಗ್ಗೆ ಶುರುವಾಗುತ್ತಿತ್ತು. ಏಳು ದಿನ ಮೊದಲೇ ತಿಳಿಸಬೇಕೆಂದು ಕೇರಳ ಹೈಕೋರ್ಟು ಹೇಳಿದ್ದು 2019ರ ಜನವರಿಯಲ್ಲಿ. ಎಲ್ಲ ಕಳೆದು ನೋಡಿದರೆ ಕೆಲಸದವರು ನಮ್ಮಲ್ಲಿ ಮಲಗುವ ರಾತ್ರಿಗಳು ವರ್ಷಕ್ಕೆ 180ರ ಆಸುಪಾಸು. ಅಂಥ ರಾತ್ರಿಗಳಲ್ಲೂ ಅವರು ಹಿಡಿಯುತ್ತಿದ್ದದ್ದು ಸರಾಸರಿ ಆರು ರೂಮು.

ಯಾಕೆ ಆರೇ? ಅದಕ್ಕೆ ಉತ್ತರ ರಸ್ತೆಯಲ್ಲೂ ರೈಲಿನಲ್ಲೂ ಇತ್ತು. ಇಲ್ಲಿಂದ ಮಂಗಳೂರು 50 ಕಿಲೋಮೀಟರು. ಸಂಜೆ ಐದಕ್ಕೆ ಕೆಲಸ ಮುಗಿಸಿದವನು ಏಳಕ್ಕೆ ಮಂಗಳೂರಿನಲ್ಲಿರುತ್ತಾನೆ. ಅಲ್ಲಿ ವಿಮಾನ ನಿಲ್ದಾಣವಿದೆ, ಹತ್ತು ತರದ ಊಟವಿದೆ, ಟಾಟಾದವರ ಜಿಂಜರ್‌ನಂಥ, ಕೆಲಸಕ್ಕೆ ಬರುವವರಿಗೆಂದೇ ಲೆಕ್ಕ ಹಾಕಿ ಕಟ್ಟಿದ ಹೋಟೆಲುಗಳಿವೆ. ತಿರುವನಂತಪುರಕ್ಕೆ ಹೋಗುವವನು ಸಂಜೆ ಮಾವೇಲಿಯನ್ನೋ ಮಲಬಾರನ್ನೋ ಹತ್ತಿದರೆ ರೈಲೇ ಅವನ ರೂಮು, ಬೆಳಗ್ಗೆ ಎದ್ದಾಗ ರಾಜಧಾನಿ. ದಕ್ಷಿಣದಲ್ಲಿ ಬೇಕಲ ಇದೆ. 1995ರಲ್ಲಿ ಬೇಕಲ್ ರಿಸಾರ್ಟ್ಸ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಹುಟ್ಟಿದ ಮೇಲೆ ತಾಜ್, ಲಲಿತ್ ಅಲ್ಲಿಗೆ ಬಂದವು. ದೊಡ್ಡ ಕಂಪನಿಯ ದೊಡ್ಡ ಅಧಿಕಾರಿ ಅಲ್ಲಿಗೆ ಹೋಗುತ್ತಾನೆ. ಅವನಿಗೂ ನಮಗೂ ಯಾವ ಸಂಬಂಧವೂ ಇಲ್ಲ. ನಮ್ಮ ಕೆಂಪು ಗುರುತಿನವರೆಂದರೆ ಮರುದಿನ ಬೆಳಗ್ಗೆಯೂ ಇಲ್ಲೇ ಕೆಲಸ ಉಳಿದವರು. ಎರಡು ದಿನದ ಆಡಿಟು, ಬದಿಯಡ್ಕ, ಮುಳ್ಳೇರಿಯದ ಅಂಗಡಿಗಳ ಸುತ್ತು, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ನಡೆಸಲು ಬಂದವರು. ರೂಮು ಎಷ್ಟು ಚಂದ ಆದರೂ ಆ ಮರುದಿನದ ಕೆಲಸವನ್ನು ನಾವು ಸೃಷ್ಟಿಸಲು ಆಗುವುದಿಲ್ಲ.

ಇನ್ನೊಂದು ಅಡ್ಡಿ ಇತ್ತು, ಅದು ಗಡಿಯದ್ದು. ಮಂಗಳೂರಿನ ಕಂಪನಿಯೊಂದರ ಸೇಲ್ಸ್ ಮ್ಯಾನೇಜರು, ನಮ್ಮ ಹಳೆಯ ಗಿರಾಕಿ, ಇಡ್ಲಿ ತಿನ್ನುತ್ತಾ ಅದನ್ನು ನನಗೆ ತಿಳಿಸಿಕೊಟ್ಟರು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಸಾವಿರ ರೂಪಾಯಿಗಿಂತ ಕಡಿಮೆ ಬಾಡಿಗೆಯ ರೂಮಿಗೆ ತೆರಿಗೆ ಇರಲಿಲ್ಲ. ಸಾವಿರ ಮುಟ್ಟಿದರೆ 12 ಶೇಕಡಾ. ಕಂಪನಿಗಳು ತಾವು ಕಟ್ಟಿದ ತೆರಿಗೆಯನ್ನು ಮುಂದೆ ವಜಾ ಮಾಡಿಕೊಳ್ಳುತ್ತವೆ ನಿಜ, ಆದರೆ ಹೋಟೆಲು ರೂಮಿನ ತೆರಿಗೆ ಹೋಟೆಲು ಇರುವ ರಾಜ್ಯದ ಲೆಕ್ಕಕ್ಕೇ ಹೋಗುತ್ತದೆ. ಕರ್ನಾಟಕದಲ್ಲಿ ಮಾತ್ರ ನೋಂದಣಿ ಇರುವ ಕಂಪನಿಗೆ ಕೇರಳದ ರೂಮಿನ ತೆರಿಗೆ ಮರಳಿ ಸಿಗುವುದಿಲ್ಲ. "ಮಂಗಳೂರಲ್ಲಿ 1,500ರ ರೂಮು ನಮಗೆ 1,500ಕ್ಕೇ ಬೀಳ್ತದೆ ಮೇಡಂ. ನಿಮ್ಮಲ್ಲಿ ಅದೇ ರೂಮು 1,680. ನಮ್ಮ ಅಕೌಂಟ್ಸ್‌ನವರು ಕೇಳ್ತಾರೆ, ತಲಪಾಡಿ ಗಡಿ ದಾಟಿ ಬಂದು ಮಲಗ್ಲಿಕ್ಕೆ ಎಂತ ಕಷ್ಟ ಅಂತ," ಅಂದರು. ಇಷ್ಟು ವರ್ಷ ಗಡಿಯಲ್ಲಿ ಬದುಕಿದ ನಾವು ಭಾಷೆಯ, ಶಾಲೆಯ, ಅರ್ಜಿಯ ಗಡಿಗಳನ್ನು ಬಲ್ಲೆವು. ಒಂದು ರಾತ್ರಿಯ ನಿದ್ದೆಗೂ ಗಡಿ ಇದೆಯೆಂದು ನನಗೆ ಗೊತ್ತಾದದ್ದು ಅವತ್ತು.

ತೆರಿಗೆಯ ಪೆಟ್ಟು ನಮಗೂ ಇತ್ತು. ಎಸಿಗೆ 28 ಶೇಕಡಾ, ಸಿಮೆಂಟಿಗೆ 28, ಟೈಲ್ಸಿಗೆ 18. ಕಟ್ಟಡದೊಳಗೆ ಸೇರಿ ಹೋಗುವ ಸಿಮೆಂಟು, ಟೈಲ್ಸು, ಪೈಪುಗಳ ತೆರಿಗೆಯನ್ನು ವಜಾ ಮಾಡಿಕೊಳ್ಳಲು ಕಾಯಿದೆ ಬಿಡುವುದಿಲ್ಲ. ಫೈಲಿನ ಅಂದಾಜಿನಲ್ಲಿ ತೆರಿಗೆ ಪೂರ್ತಿ ಮರಳಿ ಬರುವಂತೆ ತೋರಿಸಿದ್ದರು.

ಇಷ್ಟು ಗೊತ್ತಾದ ಮೇಲೆ ಲೆಕ್ಕ ಬೇರೆಯಾಯಿತು. ನವೀಕರಣ ಲಾಭವೋ ನಷ್ಟವೋ ಎಂದು ತಿಳಿಯಲು ಒಟ್ಟು ವಸೂಲಿಯನ್ನು ನೋಡಬಾರದು. ಹೊಸತಾಗಿ ಬರುವ ಹೆಚ್ಚಳವನ್ನು ಮಾತ್ರ ನೋಡಬೇಕು, ಅದರಿಂದ ಹೊಸತಾಗಿ ಹುಟ್ಟುವ ಖರ್ಚನ್ನು ಕಳೆಯಬೇಕು. 24 ರೂಮನ್ನೂ ಒಡೆದರೆ ಹೊಸ ಬಾಡಿಗೆ ಕೊಡುವವರು, ಈಗಿನ ನೀಲಿ ಗುರುತಿನವರಲ್ಲಿ ಕೆಲವರೂ ಸೇರಿ, ಆರು ರೂಮಿನಿಂದ ಒಂಬತ್ತಕ್ಕೆ ಏರಬಹುದು ಎಂದು ಧಾರಾಳವಾಗಿಯೇ ಹಿಡಿದೆ. ಬಾಡಿಗೆಯಲ್ಲಿ ಸಾವಿರ ಹೆಚ್ಚಳ. ಕರೆಂಟು, ಲಾಂಡ್ರಿ, ಬುಕಿಂಗ್ ಆ್ಯಪುಗಳ ಕಮಿಷನ್ ಕಳೆದರೆ ಉಳಿಯುವುದು 600. ವರ್ಷದ 180 ರಾತ್ರಿಗೆ ಅದು ಒಂಬತ್ತೂಮುಕ್ಕಾಲು ಲಕ್ಷ. ಆದರೆ 1,800 ಕೊಡಲಾರದ ನೀಲಿ ಗುರುತಿನವರಲ್ಲಿ ಮೂರರಲ್ಲೊಂದು ಪಾಲು ಬಿಟ್ಟುಹೋದರೂ ಐದೂವರೆ ಲಕ್ಷ ಕೈತಪ್ಪುತ್ತದೆ. ಮಿಕ್ಕುವುದು ನಾಲ್ಕು ಲಕ್ಷದಷ್ಟು. 65 ಲಕ್ಷಕ್ಕೆ ಹತ್ತೂವರೆ ಶೇಕಡಾದಂತೆ ಮೊದಲ ವರ್ಷದ ಬಡ್ಡಿಯೇ ಆರೂಮುಕ್ಕಾಲು ಲಕ್ಷ. ಅಸಲಿನ ಮಾತೇ ಬರುವುದಿಲ್ಲ.

ಈ ಕಾಗದವನ್ನು ಅಪ್ಪನ ಮುಂದೆ ಇಟ್ಟಾಗ ಅವರು ಅಂಕಿಗಳನ್ನು ನೋಡಲಿಲ್ಲ. ನೀಲಿ ಗುರುತುಗಳ ಮೇಲೆ ಬೆರಳಾಡಿಸಿದರು. "ಇವರೆಲ್ಲ ಎಲ್ಲಿಗೆ ಹೋಗ್ಬೇಕು?" ಅಂದರು.

ಅವರು ಯಾರೆಂದು ಹೇಳಬೇಕು. ಅಡೂರು, ಬಂದಡ್ಕ, ಎಣ್ಮಕಜೆಯ ಕಡೆಯಿಂದ ಸಂಜೆಯ ಬಸ್ಸಿಗೆ ಬಂದು, ಬೆಳಗಿನ ಜಾವದ ಪರಶುರಾಮ್ ಎಕ್ಸ್‌ಪ್ರೆಸ್ ಹಿಡಿಯುವವರು. ಗುಡ್ಡದ ಊರುಗಳ ಮೊದಲ ಬಸ್ಸು ಆ ರೈಲಿನ ಹೊತ್ತಿಗೆ ಪೇಟೆ ಮುಟ್ಟುವುದಿಲ್ಲ. ಅವರಲ್ಲಿ ಬಹಳಷ್ಟು ಮಂದಿ ತಲಶ್ಶೇರಿಯ ಕ್ಯಾನ್ಸರ್ ಆಸ್ಪತ್ರೆಗೋ ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರಿಗೋ ಹೋಗುವವರು, ಜೊತೆಗೊಬ್ಬರು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರುಗಳಿಂದ ಮಕ್ಕಳನ್ನು ಎತ್ತಿಕೊಂಡು ಬರುವ ತಾಯಂದಿರು. ಪಿಎಸ್‌ಸಿ ಪರೀಕ್ಷೆಗೆ ಬರುವ ಕನ್ನಡ ಹುಡುಗ ಹುಡುಗಿಯರು. ಕೌಂಟರಿನಲ್ಲಿ ಕನ್ನಡ ಕೇಳಿದರೆ ಅವರ ಮುಖ ಸಡಿಲಾಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ವರ್ಷದ ಮುಕ್ಕಾಲು ಪಾಲು ರಾತ್ರಿಗಳನ್ನು ತುಂಬಿದವರು ಇವರು. ಅಪ್ಪನಿಗೆ ಅದು ಕರುಣೆಯ ಮಾತಾಗಿರಲಿಲ್ಲ, ಲಾಡ್ಜನ್ನು ನಡೆಸಿಕೊಂಡು ಬಂದವರು ಯಾರೆಂಬ ತಿಳಿವಳಿಕೆಯಾಗಿತ್ತು. ನನ್ನ ಲೆಕ್ಕವೂ ಅವರ ಕಡೆಗೇ ವಾಲಿದ್ದು ನನಗೆ ತುಂಬಾ ಸಮಾಧಾನ ಕೊಟ್ಟಿತು.

ಹಿತೈಷಿಗಳು ಇನ್ನೊಂದು ದಾರಿ ತೋರಿಸಿದರು. 2017ರಲ್ಲಿ ಕೇರಳ ಸರಕಾರ ತ್ರೀ ಸ್ಟಾರ್ ಮತ್ತು ಅದಕ್ಕೆ ಮೇಲಿನ ಹೋಟೆಲುಗಳಿಗೆ ಬಾರ್ ಲೈಸೆನ್ಸ್ ಮತ್ತೆ ಕೊಡತೊಡಗಿತ್ತು. ಸ್ಟಾರ್ ಸಿಗುವಂತೆ ರೂಮು ಮಾಡಿ, ಬಾರು ತೆರೆದರೆ ರೂಮಿನ ನಷ್ಟ ಬಾರಿನಲ್ಲಿ ತುಂಬುತ್ತದೆ ಎಂದರು. ಹಾಗೆ ಮಾಡುವುದಾದರೆ ಅದು ಬಾರಿನ ವ್ಯಾಪಾರ. ಅದನ್ನು ರೂಮಿನ ಲಾಭ ಎಂದು ಬರೆಯುವುದು ಸುಳ್ಳು. ಅಪ್ಪ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಆದರೂ ಏನೂ ಮಾಡದೆ ಕೂರುವ ಹಾಗಿರಲಿಲ್ಲ. ಕೆಂಪು ಗುರುತಿನವರಲ್ಲಿ ಕೆಲವರು ಕೈತಪ್ಪುತ್ತಿದ್ದದ್ದೂ ನಿಜ. ಅವರಿಗೆ ಏನು ಬೇಕೆಂದು ಅವರನ್ನೇ ಕೇಳಿದೆವು. ಯಾರೂ ಗಾಜಿನ ಬಾಗಿಲು ಕೇಳಲಿಲ್ಲ. ಮೊದಲನೆಯ ದೂರು ನೀರು. ಕಾಸರಗೋಡು ಪೇಟೆಗೆ ಬಾವಿಕ್ಕರೆಯಿಂದ ಪಯಸ್ವಿನಿಯ ನೀರು ಬರುತ್ತದೆ. ಬೇಸಗೆಯಲ್ಲಿ ಹೊಳೆ ಬತ್ತಿದಾಗ ಸಮುದ್ರದ ಉಪ್ಪುನೀರು ಅಲ್ಲಿಯವರೆಗೆ ಏರಿ ಬರುತ್ತಿತ್ತು. ಮರಳು ಚೀಲದ ಕಟ್ಟೆ ಒಡೆದ ವರ್ಷ ಏಪ್ರಿಲ್, ಮೇಯಲ್ಲಿ ಪೇಟೆಯ ನಲ್ಲಿಗಳಲ್ಲಿ ಬಂದದ್ದು ಉಪ್ಪು. ಸೋಪು ನೊರೆ ಬಿಡುತ್ತಿರಲಿಲ್ಲ, ಗೀಸರಿನ ಕಾಯಿಲುಗಳು ತಿಂಗಳಲ್ಲಿ ಸುಡುತ್ತಿದ್ದವು. ಬಾವಿಕ್ಕರೆಯ ಶಾಶ್ವತ ಅಣೆಕಟ್ಟು ಬಂದದ್ದು ಆಮೇಲೆ. ಎರಡನೆಯ ದೂರು ಬಸ್‌ಸ್ಟ್ಯಾಂಡಿನ ಹಾರ್ನು. ಮೂರನೆಯದು ಲ್ಯಾಪ್‌ಟಾಪ್ ಇಟ್ಟು ವರದಿ ಬರೆಯಲು ಮೇಜಿಲ್ಲ, ಮಂಚದ ಪಕ್ಕ ಪ್ಲಗ್ಗಿಲ್ಲ.

ಬ್ಯಾಂಕಿನ ತರಬೇತಿಯೊಂದರಲ್ಲಿ ಎಲ್ಸ್‌ವರ್ತ್ ಸ್ಟಾಟ್ಲರ್ ಎಂಬ ಅಮೆರಿಕದ ಹೋಟೆಲಿಗನ ಕತೆ ಕೇಳಿದ್ದೆ. 1908ರಲ್ಲಿ ಬಫೆಲೊ ನಗರದಲ್ಲಿ ಅವರು ಊರೂರು ತಿರುಗುವ ವ್ಯಾಪಾರಿಗಳಿಗೆಂದು ಹೋಟೆಲು ತೆರೆದು, ಒಂದೂವರೆ ಡಾಲರಿಗೆ ರೂಮಿನ ಜೊತೆ ಸ್ವಂತ ಬಚ್ಚಲನ್ನೂ ಕೊಟ್ಟರು. ಎಲ್ಲ ರೂಮಿಗೂ ಬಚ್ಚಲು ಕೊಡುವುದು ಆ ದರಕ್ಕೆ ಆಗದ ಮಾತಾಗಿತ್ತು. ಎರಡು ರೂಮುಗಳ ಬಚ್ಚಲುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕಟ್ಟಿ, ಒಂದೇ ಕೊಳವೆ ದಾರಿಯಲ್ಲಿ ಎರಡಕ್ಕೂ ಪೈಪು ಎಳೆದು ಅವರು ಖರ್ಚು ಇಳಿಸಿದರು. ಬಾಗಿಲ ಬಳಿ ಲೈಟಿನ ಸ್ವಿಚ್ಚು, ಆಳೆತ್ತರದ ಕನ್ನಡಿ, ಬೆಳಗ್ಗೆ ಪತ್ರಿಕೆ ಕೊಟ್ಟರು. ತಿರುಗಾಟದಲ್ಲಿ ದಣಿದವನಿಗೆ ಏನು ಬೇಕೆಂದು ಅಷ್ಟು ಸರಿಯಾಗಿ ಕಂಡ ಇನ್ನೊಬ್ಬ ಹೋಟೆಲಿಗನನ್ನು ನಾನು ಓದಿಲ್ಲ. ನಮ್ಮ ಹಳೆಯ ಕಟ್ಟಡದ ಹಿಂಬದಿಯಲ್ಲಿ, ತೆಂಗಿನ ತೋಟದ ಕಡೆಗೆ ಮುಖವಿರುವ ಎಂಟು ರೂಮುಗಳ ಬಚ್ಚಲುಗಳು ಹಾಗೆಯೇ ಬೆನ್ನಿಗೆ ಬೆನ್ನಿದ್ದವು. ನಾಲ್ಕು ಕಡೆ ಗೋಡೆ ಒಡೆದರೆ ಎಂಟರ ಪೈಪೂ ಬದಲಾಗುತ್ತಿತ್ತು. ಹಾರ್ನಿನ ಸದ್ದೂ ಅಲ್ಲಿಗೆ ಕಮ್ಮಿ.

ಆ ಎಂಟು ರೂಮು ಮಾತ್ರ ಮಾಡುವುದೆಂದು ತೀರ್ಮಾನವಾಯಿತು. ಅದಕ್ಕೂ ಮೊದಲು ಒಂದು ರೂಮು ಮಾಡಿಸಿ, 1,500ಕ್ಕೆ ಬಿಟ್ಟು ನೋಡಿದೆವು. ಸಾವಿರದಿಂದ 1,200ರ ನಡುವೆ ಬಾಡಿಗೆ ಇಡುವುದರಲ್ಲಿ ಅರ್ಥವಿರಲಿಲ್ಲ. ಅಲ್ಲಿ ಗಿರಾಕಿಗೆ ತೆರಿಗೆ ಮಾತ್ರ ಕಣ್ಣಿಗೆ ಬೀಳುತ್ತದೆ. ಹಳೆಯ ಗಿರಾಕಿಗಳು ಆ ರೂಮನ್ನು ಹೆಸರು ಹಿಡಿದು ಕೇಳತೊಡಗಿದ ಮೇಲೆ ಉಳಿದ ಏಳಕ್ಕೆ ಕೈ ಹಾಕಿದೆವು. ರೂಮಿಗೆ ಎರಡು ಲಕ್ಷದೊಳಗೆ ಮುಗಿಯಬೇಕು ಎಂದು ನಾನು ಗೆರೆ ಎಳೆದೆ. ಹಿತ್ತಿಲ ಬಾವಿಯ ಸಿಹಿನೀರನ್ನು ಆ ಎಂಟು ರೂಮಿಗೇ ಪ್ರತ್ಯೇಕ ಟ್ಯಾಂಕಿಯಿಂದ ಬಿಟ್ಟೆವು. ಒಳ್ಳೆಯ ಹಾಸಿಗೆ, ಗಟ್ಟಿ ಮೇಜು ಕುರ್ಚಿ, ದಪ್ಪ ಪರದೆ, ಇನ್ವರ್ಟರು. ಸಮುದ್ರದ ಗಾಳಿಗೆ ಎಸಿಯ ಹೊರಗಿನ ಪೆಟ್ಟಿಗೆ ಬೇಗ ತುಕ್ಕು ತಿನ್ನುವುದರಿಂದ ಎಂಟು ವರ್ಷಕ್ಕಿಂತ ಹೆಚ್ಚು ಬಾಳಿಕೆ ಹಿಡಿಯಲಿಲ್ಲ. ಅಪ್ಪನದ್ದು ಒಂದೇ ಬೇಡಿಕೆ: ಗಿರಾಕಿಗಳ ಕಾರು ಓಡಿಸುವವರು ಕಾರಿನಲ್ಲೇ ಮಲಗಬಾರದು. ಮೇಲಿನ ಮಾಳಿಗೆಯ ಸ್ಟೋರು ಖಾಲಿ ಮಾಡಿ, ನಾಲ್ಕು ಮಂಚ, ಒಂದು ಬಚ್ಚಲು ಮಾಡಿಸಿದೆವು. ಕಾಸು ಹುಟ್ಟದ ಆ ಖರ್ಚು ಗಿರಾಕಿಗಳನ್ನು ಹಿಡಿದಿಟ್ಟಷ್ಟು ಎಸಿಯೂ ಹಿಡಿದಿಡಲಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಎಷ್ಟೋ ಸಲ ನಿರ್ಧರಿಸುವವರು ಆ ಚಾಲಕರೇ.

ಒಟ್ಟು ಖರ್ಚು 16 ಲಕ್ಷ. ರಾತ್ರಿಗೆ ಆರು ರೂಮು, 180 ರಾತ್ರಿ, ಖರ್ಚು ಕಳೆದು ರೂಮಿಗೆ 400 ರೂಪಾಯಿಯಂತೆ ವರ್ಷಕ್ಕೆ ನಾಲ್ಕೂಕಾಲು ಲಕ್ಷದ ಹೆಚ್ಚಳ. ನಾಲ್ಕು ವರ್ಷದಲ್ಲಿ ಹಣ ಮರಳಬೇಕಿತ್ತು. 2019 ಲೆಕ್ಕದಂತೆಯೇ ನಡೆಯಿತು.

2020ರ ಮಾರ್ಚಿನಲ್ಲಿ ಕೊರೋನಾದ ಹೊಡೆತ ಕೇರಳದಲ್ಲಿ ಮೊದಲು ಬಿದ್ದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು, ಮಂಗಳೂರಿನ ಆಸ್ಪತ್ರೆಗೆ ಹೋಗಲಾರದೆ ಜನ ಪ್ರಾಣ ಬಿಟ್ಟರು. ಅಂಥ ಹೊತ್ತಿನಲ್ಲಿ ಲಾಡ್ಜಿನ ಲೆಕ್ಕ ಮಾತಾಡಲು ಬಾಯಿ ಬರುವುದಿಲ್ಲ. ಆದರೂ ಹೇಳುತ್ತೇನೆ: ರಿಸರ್ವ್ ಬ್ಯಾಂಕು ಆರು ತಿಂಗಳು ಕಂತು ಮುಂದೂಡಲು ಬಿಟ್ಟಿತೇ ಹೊರತು ಬಡ್ಡಿಯನ್ನು ನಿಲ್ಲಿಸಲಿಲ್ಲ. 65 ಲಕ್ಷದ ಸಾಲ ತಲೆಯ ಮೇಲಿದ್ದಿದ್ದರೆ ಲಾಡ್ಜು ಇವತ್ತು ನಮ್ಮ ಹೆಸರಿನಲ್ಲಿ ಇರುತ್ತಿರಲಿಲ್ಲ. ಅಪ್ಪ ತೀರಿಕೊಂಡದ್ದು ಅದರ ಮರುವರ್ಷ.

2022ರ ಜುಲೈಯಿಂದ ಸಾವಿರದೊಳಗಿನ ರೂಮಿಗೂ 12 ಶೇಕಡಾ ತೆರಿಗೆ ಬಂತು. ಪರಶುರಾಮ್ ಹಿಡಿಯುವವರ ಮೇಲೆ ಅದು ಬೀಳಬಾರದೆಂದು ತಮ್ಮ ಬಾಡಿಗೆಯ ಒಳಗೇ ಅದನ್ನು ಸೇರಿಸಿಕೊಂಡ. ಗಿರಾಕಿಗಳನ್ನು ಮರಳಿ ತಂದದ್ದು ರಸ್ತೆ ಮತ್ತು ರೈಲು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಆರು ಪಥದ ಕೆಲಸಕ್ಕೆ ಬಂದ ಸರ್ವೆಯವರು, ಯಂತ್ರ ರಿಪೇರಿಯವರು ತಿಂಗಳುಗಟ್ಟಲೆ ನಿಂತರು. 2023ರ ಏಪ್ರಿಲಿನಲ್ಲಿ ತಿರುವನಂತಪುರದಿಂದ ವಂದೇ ಭಾರತ್ ಶುರುವಾಯಿತು. ಅದು ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಬಂದು ಎರಡೂವರೆಗೆ ಮರಳುತ್ತದೆ. ಅದರಲ್ಲಿ ಬಂದು ಅದರಲ್ಲೇ ಮರಳುವ ಅಧಿಕಾರಿ ಕೆಲಸ ಮುಗಿಸಲು ಕಾಸರಗೋಡಿನಲ್ಲಿ ಒಂದು ರಾತ್ರಿ ಉಳಿಯಬೇಕು. ಅದೇ ಸೆಪ್ಟೆಂಬರಿನಲ್ಲಿ ಇನ್ನೊಂದು ವಂದೇ ಭಾರತ್ ಕಾಸರಗೋಡಿನಿಂದಲೇ ಬೆಳಗ್ಗೆ ಏಳಕ್ಕೆ ಹೊರಡತೊಡಗಿತು, ಮರಳಿ ಬರುವುದು ನಡುರಾತ್ರಿಯ ಹೊತ್ತಿಗೆ. ಉತ್ತರದಿಂದ ಬರುವವರು ಹಿಂದಿನ ರಾತ್ರಿಯೇ ಬಂದು ನಮ್ಮಲ್ಲಿ ಮಲಗಿದರು. ಆ ತಿಂಗಳುಗಳಲ್ಲಿ ಎಂಟೂ ರೂಮು ತುಂಬಿರುತ್ತಿತ್ತು. ತಮ್ಮ ಉಳಿದ 16 ರೂಮುಗಳ ಮಾತೆತ್ತಿದ. 2024ರಲ್ಲಿ ಆ ರೈಲನ್ನು ಮಂಗಳೂರಿಗೆ ಮುಂದುವರಿಸಿದರು. ಹಿಂದಿನ ರಾತ್ರಿ ಬರುತ್ತಿದ್ದವರು ನಿಂತುಹೋದರು. ನಾವು ಬಣ್ಣ ಬಳಿದದ್ದೂ ಇಲ್ಲ, ಬಾಡಿಗೆ ಬದಲಿಸಿದ್ದೂ ಇಲ್ಲ. ವೇಳಾಪಟ್ಟಿಯ ಒಂದು ಸಾಲು ಗಿರಾಕಿಗಳನ್ನು ಕೊಟ್ಟಿತು, ಇನ್ನೊಂದು ಸಾಲು ಕರೆದುಕೊಂಡು ಹೋಯಿತು.

ಈಗ ಉಪ್ಪಳ, ಕುಂಬಳೆ, ಕಾಞಂಗಾಡಿನ ಹೋಟೆಲಿನವರು ನನ್ನನ್ನು ಕೇಳುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಏಳೂವರೆ ಸಾವಿರದವರೆಗಿನ ರೂಮಿನ ತೆರಿಗೆ 5 ಶೇಕಡಾಕ್ಕೆ ಇಳಿದಿದೆ, ಎಸಿಯದ್ದು 28ರಿಂದ 18ಕ್ಕೆ. ಮಂಗಳೂರಿನ ಕಂಪನಿಗೆ ಗಡಿಯ ಆಚೆ ಈಚೆಯ ಅಂತರ ಅಷ್ಟರ ಮಟ್ಟಿಗೆ ಕಮ್ಮಿಯಾಯಿತು. ಆದರೆ ಆ 5 ಶೇಕಡಾದ ಜೊತೆ, ಹೋಟೆಲಿನವರು ಕೊಂಡ ಯಾವ ಸಾಮಾನಿನ ತೆರಿಗೆಯೂ ವಜಾ ಆಗುವುದಿಲ್ಲ. ಆರು ಪಥದ ರಸ್ತೆಯಿಂದ ಮಂಗಳೂರು ಇನ್ನಷ್ಟು ಹತ್ತಿರವಾಗಿದೆ. ಸಂಜೆ ಹೊರಟವರು ಈಗ ಒಂದು ಗಂಟೆಯೊಳಗೆ ಅಲ್ಲಿರುತ್ತಾರೆ. ಸಾಲದ ಅರ್ಜಿ ಬರೆಯುವ ಮೊದಲು ನಿಮ್ಮ ರಿಜಿಸ್ಟರನ್ನು ತೆಗೆದು, ವಾರದ ದಿನವಾರು ಓದಿ, ಮರುದಿನವೂ ನಿಮ್ಮ ಊರಿನಲ್ಲೇ ಕೆಲಸ ಇದ್ದವರು ಎಷ್ಟು ಮಂದಿ ಎಂದು ಎಣಿಸಿ. ಅಷ್ಟು ರೂಮು ಮಾಡಿ, ಮೇಲೆ ಒಂದೆರಡು ಸೇರಿಸಿ.

ನಮ್ಮ ಎಂಟು ರೂಮಿನ 16 ಲಕ್ಷ ನಾಲ್ಕು ವರ್ಷದ ಬದಲು ಆರು ವರ್ಷ ದಾಟಿ ಮರಳಿತು. ಉಳಿದ 16 ರೂಮುಗಳಿಗೆ ಸಿಹಿನೀರು, ಹೊಸ ಹಾಸಿಗೆ ಕೊಡು, ಗೋಡೆ ಒಡೆಯಬೇಡ ಎಂದು ತಮ್ಮನಿಗೆ ಬರೆದು ಕೊಟ್ಟಿದ್ದೇನೆ.